ಕಿಟಕಿಗೆ ಎದುರಾಗಿ

ಜೂನ್ ೩, ೨೦೨೫. ಮಂಗಳವಾರ. ರಿಚರ್ಡ್‌ಸನ್

ಬೆಳಿಗ್ಗೆ ಹತ್ತಕ್ಕೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಮೊದಲ ತರಗತಿ. ಮಕ್ಕಳು ಐದು. ಕಲಿಸಬೇಕಾದದ್ದು ಇಂಗ್ಲಿಷ್. ಮಂಗಳವಾರ ಮತ್ತು ಗುರುವಾರ, ಆಗಸ್ಟಿನಲ್ಲಿ ಶಾಲೆ ತೆರೆಯುವ ತನಕ.

ಲೈಬ್ರರಿಯ ಕೆಲಸ ಮೇ ತಿಂಗಳಿಗೆ ಮುಗಿಯಿತು. ನನ್ನ ಗಂಡ ಚಿದಾನಂದರ ಆಫೀಸು ಹ್ಯೂಸ್ಟನ್ನಿಗೆ ಶಿಫ್ಟ್ ಆಗಿ, ಅವರು ಅದರ ಪಕ್ಕದ ಊರು ಕೇಟಿಯಲ್ಲಿ ರೂಮು ಮಾಡಿದ್ದಾರೆ. ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಬಂದು ಭಾನುವಾರ ಮಧ್ಯಾಹ್ನ ಹೊರಡುತ್ತಾರೆ. ಇಲ್ಲಿನ ಲೀಸು ಆಗಸ್ಟಿಗೆ ಮುಗಿದ ಮೇಲೆ ನಾನೂ ಅಲ್ಲಿಗೆ. ಅದು ಗೊತ್ತಾಗಿಯೇ ಜಯಂತ ಬಂದು ಕೇಳಿದ್ದು. ಇಲ್ಲಿನ ಕನ್ನಡದವರ ಕೂಟಗಳನ್ನೆಲ್ಲ ನಡೆಸುವವನು ಅವನೇ. "ಮೇಡಂ, ಹೇಗೂ ಎರಡು ತಿಂಗಳು ಇರ್ತೀರಲ್ಲ. ಹೊಸದಾಗಿ ಬಂದಿರೋ ಮಕ್ಕಳು, ಪಾಪ, ಸ್ಕೂಲಲ್ಲಿ ಪಿಳಿಪಿಳಿ ಕಣ್ಣು ಬಿಡೋ ಹಾಗಾಗ್ಬಾರ್ದು." ಮಕ್ಕಳಿಗೆ ಕಲಿಸಿ ಅಭ್ಯಾಸವಿಲ್ಲ ಎಂದೆ. ಅದನ್ನು ಅವನು ಒಪ್ಪಿಗೆ ಎಂದು ತಿಳಿದುಕೊಂಡ.

ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಇದ್ದಾಗಲೂ ಹೆಚ್ಚು ಮಾತಾಡುತ್ತಿದ್ದೆ ಎಂದಲ್ಲ.

ಓದುತ್ತಿರುವ ಕಾದಂಬರಿ ಹಂಗೇರಿಯ ಭಾಷೆಯಿಂದ ಇಂಗ್ಲಿಷನ್ನು ದಾಟಿ ಕನ್ನಡಕ್ಕೆ ಬಂದದ್ದು. ದೋಣಿ ನಡೆಸುವ ಒಬ್ಬ ವಿಧವೆಯ ಕಥೆ. ಅವಳು ಪುಟಕ್ಕೊಮ್ಮೆ ಭುಜ ಕುಣಿಸುತ್ತಾಳೆ. ಕನ್ನಡದಲ್ಲಿ ಯಾರೂ ಭುಜ ಕುಣಿಸುವುದಿಲ್ಲ. ಇದರ ಹೊರತು ಅನುವಾದ ಚೆನ್ನಾಗಿದೆ. ಇವತ್ತು ಎರಡು ಅಧ್ಯಾಯ.

ಜೂನ್ ೫, ಗುರುವಾರ

ಇಶಾನ್ ಮೈಸೂರಿನಿಂದ ಬಂದು ಒಂದು ವರ್ಷವಾಗಿದೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಈ ತರಗತಿ ಅವನಿಗೆ ಬೇಕಿಲ್ಲ, ಬೇಕಾಗಿರುವುದು ಅವನ ಅಮ್ಮನಿಗೆ. ಸುಮುಖ್ ಹೆಚ್ಚು ಕಡಿಮೆ ಹಾಗೆಯೇ. ತೆಲುಗು ಮನೆಯ ಅಕ್ಕತಂಗಿಯರಿಬ್ಬರು ಯಾವಾಗಲೂ ಕೈ ಹಿಡಿದುಕೊಂಡಿರುತ್ತಾರೆ. ಐದನೆಯವಳು ಧಾರವಾಡದ ಹುಡುಗಿ, ಎಂಟು ವರ್ಷ, ಅನಘಾ. ಏಪ್ರಿಲಿನಲ್ಲಿ ಬಂದವರು.

ಧಾರವಾಡದ ಹುಡುಗಿ ಅಗತ್ಯಕ್ಕಿಂತ ಗಟ್ಟಿಯಾಗಿ ಮಾತಾಡುತ್ತಾಳೆ. ಆ ಕಡೆಯವರ ರೂಢಿ. ಅವಳ ಮಾತಿನಲ್ಲಿ ಸಕಾರ ಶಕಾರಗಳು ತೇಲಿಹೋಗುತ್ತವೆ. ಅದೂ ಅಲ್ಲಿನ ಉಚ್ಚಾರವಿರಬೇಕು. ಇಂಗ್ಲಿಷಿನಲ್ಲಿ ಏನು ಕೇಳಿದರೂ ನಗುತ್ತಾಳೆ.

ಕರೆದುಕೊಂಡು ಹೋಗಲು ಬಂದ ಅವಳ ತಾಯಿ ಕೋಕಿಲಾ ಬಾಗಿಲಲ್ಲೇ ನಿಂತು ಹೇಳಿದಳು: "ಇಕಿ ಭಾಳ ನಾಚ್ತಾಳ್ರಿ ಅಕ್ಕಾರ. ಇಂಗ್ಲಿಷ್ ಬರೂದಿಲ್ಲ ನೋಡ್ರಿ, ಅದಕ್ಕ. ಅದೊಂದು ಬಂತಂದ್ರ ಎಲ್ಲಾ ಸರಿ ಹೋಗ್ತದ."

ಬರುತ್ತದೆ ಎಂದೆ.

ಜೂನ್ ೧೨, ಗುರುವಾರ

ಇವತ್ತು ಎರಡು ಕ್ರಿಯಾಪದ: ಹಿಯರ್, ಲಿಸನ್. ನಮ್ಮ ಮಕ್ಕಳು ಇವೆರಡನ್ನು ಕಲಸುವುದು ಸಹಜ. ನಾವು ಎರಡಕ್ಕೂ ಕೇಳುವುದು ಎಂದೇ ಹೇಳುತ್ತೇವೆ. ಬೋರ್ಡಿನ ಮೇಲೆ ಒಂದು ರೈಲು ಬರೆದೆ, ಒಂದು ಅಜ್ಜಿ ಬರೆದೆ. ಕ್ಲಬ್‌ಹೌಸಿನ ಹಿಂದೆ ಡಾರ್ಟ್ ಎಂಬ ಲೋಕಲ್ ರೈಲು ಹೋಗುತ್ತದೆ. ಅದರ ಸದ್ದು ನಮ್ಮನ್ನು ಕೇಳದೆ ಕಿವಿಗೆ ಬೀಳುತ್ತದೆ, ಅದು ಹಿಯರ್. ಅಜ್ಜಿ ಕಥೆ ಹೇಳುವಾಗ ನಾವು ಅವಳ ಕಡೆ ತಿರುಗಿ, ಮನಸ್ಸು ಕೊಟ್ಟು ಕೇಳುತ್ತೇವೆ, ಅದು ಲಿಸನ್. ಮೊದಲನೆಯದನ್ನು ಕಿವಿ ಮಾಡುತ್ತದೆ, ಎರಡನೆಯದನ್ನು ನಾವು ಮಾಡುತ್ತೇವೆ.

ಇಶಾನ್ ಕೈ ಎತ್ತಿದ. "ಆಂಟಿ, ವೆನ್ ಮೈ ಮಾಮ್ ಕಾಲ್ಸ್ ಮಿ, ಐ ಹಿಯರ್. ಬಟ್ ಐ ಡೋಂಟ್ ಲಿಸನ್."

ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಹತ್ತಿರ ಇರಲಿಲ್ಲ. ಎಲ್ಲರೂ ನಕ್ಕರು. ಧಾರವಾಡದ ಹುಡುಗಿ ಎಲ್ಲರ ಮುಖ ನೋಡಿಕೊಂಡು ಕೊನೆಗೆ ನಕ್ಕಳು.

ವಿಧವೆ ನದಿಯಲ್ಲಿ ಏನನ್ನೋ ಬಚ್ಚಿಟ್ಟಿದ್ದಾಳೆ. ಏನೆಂದು ಇನ್ನೂ ತಿಳಿಯದು.

ಜೂನ್ ೧೭, ಮಂಗಳವಾರ

ಇಶಾನ್ ಪಾಠದ ನಡುವೆ ಅನಘಾಳ ತೋಳು ಎಳೆಯುತ್ತಾನೆ, ಮೊಣಕೈ ತಟ್ಟುತ್ತಾನೆ. ಎರಡು ಸಲ ಹೇಳಿ ನೋಡಿದೆ. "ಐ ವಾಸ್ ಜಸ್ಟ್ ಟೆಲಿಂಗ್ ಹರ್, ಆಂಟಿ." ಪಾಠ ಹೇಳುವುದಕ್ಕೆ ನಾನಿದ್ದೇನೆ ಎಂದು ಅವನನ್ನು ಮುಂದೆ ಕರೆದು, ಅವಳನ್ನು ಹಿಂದೆ ಒಬ್ಬಳೇ ಕೂರಿಸಿದೆ. ತರಗತಿ ಶಾಂತವಾಯಿತು.

ಮೂರು ಅಧ್ಯಾಯ ಓದಿದೆ.

ಜೂನ್ ೨೬, ಗುರುವಾರ

ವ್ಯತ್ಯಾಸ ಗಟ್ಟಿಯಾಗಲೆಂದು ಒಂದು ಆಟ ಮಾಡಿದೆ. ಎಲ್ಲರೂ ಕಣ್ಣು ಮುಚ್ಚಬೇಕು. ಏನಾದರೂ ಕಿವಿಗೆ ಬಿದ್ದರೆ ಕೈ ಎತ್ತಬೇಕು. ಬೀಗದ ಕೈ ಗೊಂಚಲು ಅಲ್ಲಾಡಿಸಿದೆ, ಸ್ಟೀಲ್ ಲೋಟಕ್ಕೆ ಚಮಚ ತಟ್ಟಿದೆ, ನಡುವೆ ತಾನಾಗಿ ರೈಲೂ ಬಂತು. ಅನಘಾ ಒಂದು ಸಲವೂ ಮೊದಲು ಕೈ ಎತ್ತಲಿಲ್ಲ. ರೆಪ್ಪೆಯ ಸಂದಿನಿಂದ ಉಳಿದವರನ್ನು ನೋಡಿಕೊಂಡು, ಅವರು ಎತ್ತಿದ ಮೇಲೆ ಎತ್ತುತ್ತಿದ್ದಳು.

"ಮೋಸ ಮಾಡಬಾರದು, ಅನಘಾ" ಎಂದೆ, ಎಲ್ಲರ ಎದುರಿಗೆ.

ಅವಳು ನನ್ನನ್ನು ನೋಡಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಜುಲೈ ೧, ಮಂಗಳವಾರ

ಪುಸ್ತಕ ಹಿಡಿದು ಕಥೆ ಓದಿದೆ. ನಾಲ್ವರು ಕೇಳಿದರು. ಐದನೆಯವಳು ಚಿತ್ರ ಬರೆಯುತ್ತಿದ್ದಳು. ಗಮನವಿಲ್ಲ.

ಜುಲೈ ೮, ಮಂಗಳವಾರ

ಕೋಕಿಲಾ ಬರುವುದು ತಡವಾಯಿತು. ಉಳಿದವರೆಲ್ಲ ಹೋದರು. ನಾನು ಕುರ್ಚಿ ಎಳೆದುಕೊಂಡು ಅನಘಾಳ ಎದುರಿಗೆ ಕೂರಲು ಹೋದರೆ, "ಅಲ್ಲೆ ಬ್ಯಾಡ್ರಿ ಆಂಟಿ, ಈ ಕಡೆ ಕೂಡ್ರಿ" ಎಂದು ನನ್ನನ್ನು ಎಬ್ಬಿಸಿ, ಬೆಳಕು ನನ್ನ ಕಣ್ಣಿಗೆ ಹೊಡೆಯುವ ಹಾಗೆ ಕಿಟಕಿಗೆ ಎದುರಾಗಿ ಕೂರಿಸಿದಳು. ಮಕ್ಕಳ ಹಟ ಎಂದುಕೊಂಡೆ.

ಬೇರೆ ಏನೂ ತೋಚದೆ ದೋಣಿಯ ವಿಧವೆಯ ಕಥೆ ಹೇಳತೊಡಗಿದೆ, ಕನ್ನಡದಲ್ಲಿ. ಅವಳು ಒಂದು ಮಾತನ್ನೂ ಬಿಡಲಿಲ್ಲ. "ಅಕಿ ಒಬ್ಬಾಕೀನ ಹುಟ್ಟು ಹಾಕ್ತಿದ್ಲೇನ್ರಿ? ಕೈ ನೋಯ್ತಿದ್ದಿಲ್ಲ?" ಎಂದು ಕೇಳಿದಳು. ನಾನು ಯೋಚಿಸದೆ ಇದ್ದ ಪ್ರಶ್ನೆ. ಬುದ್ಧಿ ಚುರುಕಾಗಿದೆ, ಕೊರತೆ ಇಂಗ್ಲಿಷಿನದು ಮಾತ್ರ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ನೀರು ಹಿಡಿಯಲು ಸಿಂಕಿನ ಕಡೆ ಎದ್ದು ಹೋದೆ. ಹೋಗುತ್ತಲೇ ಕಥೆ ಮುಂದುವರಿಸಿದೆ. "ಆಮೇಲೆ ಅವಳು ಏನು ಮಾಡಿರಬಹುದು, ಹೇಳು?" ಉತ್ತರವಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಕೇಳಿದೆ. ಉತ್ತರವಿಲ್ಲ. ತಿರುಗಿ ನೋಡಿದರೆ ಅವಳು ಕಾಲು ಆಡಿಸುತ್ತ ಮೇಜಿನ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದಾಳೆ.

ಕನ್ನಡದಲ್ಲಿ ಕೇಳಿದ್ದೆ.

ಸದ್ದಾಗದಂತೆ ಅವಳ ಹಿಂದೆ ಹೋಗಿ ನಿಂತೆ. ಲೋಟಕ್ಕೆ ಚಮಚ ತಟ್ಟಿದೆ. ಬೆರಳು ನಿಲ್ಲಲಿಲ್ಲ. ಜೋರಾಗಿ ತಟ್ಟಿದೆ. ಆಗ ತಲೆ ಎತ್ತಿ ಬಾಗಿಲ ಕಡೆ ನೋಡಿದಳು, ಯಾರೋ ಬಂದರೇನೋ ಎಂಬಂತೆ.

ಕೋಕಿಲಾ ಬಂದಳು. ನಾನು ಲೋಟ, ಚಮಚ ತೊಳೆದಿಟ್ಟೆ.

ಜುಲೈ ೧೦, ಗುರುವಾರ

ಇಶಾನನನ್ನು ಮತ್ತೆ ಅವಳ ಪಕ್ಕ ಕೂರಿಸಿದೆ. ತರಗತಿ ಮುಗಿದ ಮೇಲೆ ಅವನನ್ನು ನಿಲ್ಲಿಸಿಕೊಂಡು ಯಾಕೆ ತೋಳು ಎಳೆಯುತ್ತಿದ್ದೆ ಎಂದು ಕೇಳಿದೆ.

"ಶಿ ಹ್ಯಾಸ್ ಟು ಸೀ ಯುವರ್ ಫೇಸ್ ಫಸ್ಟ್," ಎಂದ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಯು ಡಿಡಂಟ್ ನೋ, ಆಂಟಿ? ಆಲ್ ಆಫ್ ಅಸ್ ನೋ."

ಜುಲೈ ೧೨, ಶನಿವಾರ

ಚಿದಾನಂದರಿಗೆ ಹೇಳಿದೆ. ಅವರು ಸೋಫಾದ ಮೇಲೆ ಮಲಗಿದ್ದರು, ಹೆದ್ದಾರಿ ಡ್ರೈವಿನಿಂದ ಬೆನ್ನು ಹಿಡಿದುಕೊಂಡಿದೆ.

"ಅವರಪ್ಪ ಅಮ್ಮಂಗೆ ಗೊತ್ತಿಲ್ದೆ ಇರುತ್ತೇನೆ? ಬಿಡು. ಇನ್ನೊಂದು ತಿಂಗಳಿಗೆ ನಾವೇ ಇಲ್ಲಿರಲ್ಲ."

"ಗೊತ್ತಿದ್ರೆ ನಂಗ್ಯಾಕೆ ಹೇಳ್ಲಿಲ್ಲ?"

"ನೀನೇನು ಹೋಗಿ ಕೇಳಿದ್ಯಾ? ಯಾರ ಮನೆ ವಿಷಯಾನೂ ಕೇಳೋಳಲ್ಲ ನೀನು. ಅದಕ್ಕೇ ಮದುವೆ ಆಗಿದ್ದು ನಿನ್ನ."

ಅವರ ಮಾತು ಸರಿ. ಇದು ನನಗೆ ಸಂಬಂಧಿಸಿದ್ದಲ್ಲ.

ಜುಲೈ ೧೪, ಸೋಮವಾರ

ಅನಘಾ ನೀರಿನ ಬಾಟಲಿ ಮರೆತು ಹೋಗಿದ್ದಳು. ಕೊಟ್ಟು ಬರಲು ಅವರ ಮನೆಗೆ ಹೋದೆ. ನಾಳೆ ತರಗತಿಯಲ್ಲೇ ಕೊಡಬಹುದಿತ್ತು.

ಕೋಕಿಲಾ ಗಿರ್ಮಿಟ್ಟು ಮಾಡುತ್ತಿದ್ದಳು. ಮಂಡಕ್ಕಿಗೆ ಒಗ್ಗರಣೆ ಹಾಕುತ್ತ, "ಖಾರ ತಿಂತೀರೇನ್ರಿ ಮೈಸೂರವ್ರು?" ಎಂದು ನಕ್ಕಳು. ಅನಘಾ ಮೇಜಿನ ಬಳಿ ಕೂತು ಬಣ್ಣ ಹಚ್ಚುತ್ತಿದ್ದಳು. ಹೇಗೆ ಶುರು ಮಾಡಬೇಕೆಂದು ತಿಳಿಯದೆ, ಕಂಡದ್ದನ್ನು ಕಂಡ ಹಾಗೆ ಹೇಳಿದೆ: ಸಿಂಕು, ಲೋಟ, ಚಮಚ.

ಕೋಕಿಲಾ ಒಲೆ ಆರಿಸಿದಳು. ಆಮೇಲೆ ಮಗಳಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಾತಾಡಿದಳು. ಯಾಕೆ ಹಾಗೆ ನಿಂತಳೆಂದು ಸ್ವಲ್ಪ ಹೊತ್ತಿಗೆ ಅರ್ಥವಾಯಿತು. ನಾನೂ ಕುರ್ಚಿ ತಿರುಗಿಸಿಕೊಂಡೆ.

"ನಾಕು ವರ್ಷದಾಕಿ ಇದ್ದಾಗ ಜ್ವರ ಬಂತ್ರಿ. ಜ್ವರ ಹೋತು, ಕಿವಿ ತಗೊಂಡು ಹೋತು. ಹುಬ್ಬಳ್ಳ್ಯಾಗ ಎರಡೂ ಕಿವಿಗೆ ಮಷೀನ್ ಹಾಕ್ಸಿದ್ವಿ. ಚಲೋ ಕೇಳ್ತಿತ್ರಿ, ಇಲ್ಲನ್ನೂದಿಲ್ಲ. ಆದ್ರ ಸಾಲ್ಯಾಗ ಮಷೀನ್ ಅಂತನ ಹೆಸರಿಟ್ರು. ಏ ಮಷೀನ್ ಬಾ, ಏ ಮಷೀನ್ ಹೋಗು. ಎರಡು ವರ್ಷ ನನ್ನ ಮಗಳನ್ನ ಯಾರೂ ಅನಘಾ ಅಂತ ಕರೀಲಿಲ್ಲ ಅಕ್ಕಾರ."

"ಈಗ ಎಲ್ಲಿವೆ?"

"ಅಕ್ಕಿ ಡಬ್ಬ್ಯಾಗ ಇಟ್ಟೀನ್ರಿ. ಥಂಡಿ ಹಿಡೀಬಾರದು ನೋಡ್ರಿ. ಹೊಸಾ ಊರು. ಮೊದಲ ನನ್ನ ಹುಡುಗಿ ಕಾಣ್ಲಿ, ಆಮ್ಯಾಲೆ ಮಷೀನ್ ಕಾಣ್ಲಿ ಅಂತ ಬಿಚ್ಚಿಟ್ಟೆ. ನಾಕು ದಿನಕ್ಕಂತ ಬಿಚ್ಚಿದ್ದು. ಅಷ್ಟರಾಗ ಜಯಂತ ಅವ್ರು ಬಂದು, ಪಾಪ ಇಂಗ್ಲಿಷ್ ಬರಲ್ಲ ಅಲ್ವಾ ಅಂದ್ರು. ನಾನೂ ಹೂಂ ಅಂದೆ. ಇಂಗ್ಲಿಷ್ ಬರೂದಿಲ್ಲ ಅಂದ್ರ ಯಾರೂ ಏನೂ ಅನ್ನೂದಿಲ್ರಿ. ಇವತ್ತಿಲ್ಲ ನಾಳೆ ಬರ್ತದ ಅಂತಾರ, ಅಷ್ಟ."

"ನಿಮ್ಮೆಜಮಾನ್ರು ಅವಿನಾಶ್ ಏನಂತಾರೆ?"

"ಅವರೇನು, ನಿಂಗ ಬಿಟ್ಟೀನಿ ಅಂತಾರ. ಬಿಡೂದು ಸಸಾರ ನೋಡ್ರಿ." ಸೆರಗಿನಂತೆ ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡಳು. "ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ."

ಇಲ್ಲ ಎಂದೆ. ಆ ಹೊತ್ತಿಗೆ ಬೇರೆ ಉತ್ತರ ಇರಲಿಲ್ಲ. ಗಿರ್ಮಿಟ್ಟು ತಿಂದೆ, ಖಾರವಿತ್ತು. ಅನಘಾ ತಾನು ಬಣ್ಣ ಹಚ್ಚಿದ ಹಾಳೆ ತಂದು ತೋರಿಸಿದಳು. ನದಿ, ದೋಣಿ, ಹುಟ್ಟು ಹಿಡಿದ ಹೆಂಗಸು. ಹೆಂಗಸಿನ ಕೈಗಳು ತುಂಬ ದಪ್ಪ.

ಜುಲೈ ೧೭, ಗುರುವಾರ

ಬೋರ್ಡನ್ನು ಗೋಡೆಯಿಂದ ತೆಗೆದು ಮೇಜಿನ ಮೇಲೆ ಇಟ್ಟುಕೊಂಡೆ. ಬರೆಯುವಾಗ ಮಾತಾಡುವುದಿಲ್ಲ, ಮಾತಾಡುವಾಗ ಬರೆಯುವುದಿಲ್ಲ. ಕಿಟಕಿ ನನ್ನೆದುರಿಗೆ. ಅನಘಾ ಒಂದು ಗಂಟೆಯಲ್ಲಿ ಕಲಿತದ್ದು ಜೂನ್ ಪೂರ್ತಿ ಕಲಿತಿರಲಿಲ್ಲ. "ನಿಧಾನ ಹೇಳ್ತೀರಿ ಈಗ" ಎಂದಳು ಹೋಗುವಾಗ. ನನಗೆ ಗೊತ್ತೇ ಆಗಿರಲಿಲ್ಲ.

ಚಿದಾನಂದರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಏನು ಇವತ್ತು, ಇಷ್ಟು ಹೊತ್ತು ಮಾತಾಡ್ತಿದ್ದೀಯ?" ಎಂದರು. ಅವರಿಗೆ ಮೀಟಿಂಗ್ ಇತ್ತು.

ಜುಲೈ ೨೪, ಗುರುವಾರ

ಮಕ್ಕಳು ಕುರ್ಚಿಗಳನ್ನು ತಾವೇ ಅರ್ಧ ವೃತ್ತ ಮಾಡಿದ್ದರು. ಯಾರೂ ಹೇಳಿರಲಿಲ್ಲ.

ಬೋರ್ಡು ಒರೆಸುವಾಗ ಅನಘಾ ಹಿಂದಿನಿಂದ ಬಂದು ಕೇಳಿದಳು: "ಆಂಟಿ, ಇಲ್ಲಿ ಸಾಲ್ಯಾಗ ಟೀಚರ್ ದೂರ ನಿಂತಿರ್ತಾರೇನ್ರಿ?"

"ಗೊತ್ತಿಲ್ಲ" ಎಂದೆ. ಗೊತ್ತಿದೆ. ಲೈಬ್ರರಿಯಿಂದ ಎಷ್ಟೋ ಶಾಲೆಗಳಿಗೆ ಹೋಗಿದ್ದೇನೆ. ಕೋಣೆ ದೊಡ್ಡದು, ಟೀಚರು ಮಾತಾಡುತ್ತಲೇ ಓಡಾಡುತ್ತಿರುತ್ತಾರೆ. ಅಲ್ಲದೆ ಉತ್ತರ ಹೇಳುವಾಗ ನಾನು ಬೋರ್ಡಿನ ಕಡೆಗೇ ಮುಖ ಮಾಡಿದ್ದೆ. ಅವಳಿಗೆ ಅದು ತಲುಪಿರಲಾರದು. ಅವಳು ಮತ್ತೆ ಕೇಳಲಿಲ್ಲ.

ಜುಲೈ ೩೧, ಗುರುವಾರ

ತರಗತಿ ಮುಗಿದ ಮೇಲೆ ಕೋಕಿಲಾ ನನ್ನನ್ನು ಪಾರ್ಕಿಂಗಿನ ಕಡೆ ಕರೆದುಕೊಂಡು ಹೋದಳು. ಮುಂದಿನ ಗುರುವಾರ ಅನಘಾಳನ್ನು ಶಾಲೆಗೆ ಸೇರಿಸುವ ಅಪಾಯಿಂಟ್‌ಮೆಂಟ್. ಮನೆಯ ಭಾಷೆ ಯಾವುದೆಂದು ಕೇಳುತ್ತಾರೆ, ಮಗುವನ್ನು ಮಾತಾಡಿಸಿ ನೋಡುತ್ತಾರೆ.

"ನೀವು ಜೋಡಿ ಬರ್ರಿ ಅಕ್ಕಾರ. ಅವಿನಾಶ್‌ಗ ರಜಾ ಇಲ್ಲ. ಇಕಿಗೆ ಇಂಗ್ಲಿಷ್ ಅಷ್ಟ ತೊಂದ್ರಿ, ನಾನ ಕಲಸೀನಿ ಅಂತ ನೀವು ಒಂದು ಮಾತು ಹೇಳ್ರಿ. ಲೈಬ್ರರ್ಯಾಗ ಇದ್ದವ್ರು, ನಂಬ್ತಾರ. ನಾನು ಹೇಳಾಕ ಹೋದ್ರ ಅಳು ಬರ್ತದ."

"ಆಯ್ತು" ಎಂದೆ.

ಬಿಸಿಲು ವಿಪರೀತ. ಕಾರಿನ ಬಾಗಿಲ ಹಿಡಿ ಮುಟ್ಟಲಾಗುತ್ತಿರಲಿಲ್ಲ.

ಆಗಸ್ಟ್ ೨, ಶನಿವಾರ

ಚಿದಾನಂದ್ ರಟ್ಟಿನ ಪೆಟ್ಟಿಗೆಗಳನ್ನು ತಂದಿದ್ದಾರೆ. ಪಾತ್ರೆ ಸುತ್ತುತ್ತ ಮಾತಾಡಿದೆವು.

"ಇಲ್ಲಿ ಸ್ಕೂಲಲ್ಲೇ ಕಿವಿ ಟೆಸ್ಟ್ ಮಾಡ್ತಾರೆ. ಅವರೇ ಕಂಡುಹಿಡೀತಾರೆ ಬಿಡು. ನೀನು ಯಾಕೆ ಕೆಟ್ಟೋಳಾಗ್ತೀಯ?"

"ಅವಳು ಆ ಟೆಸ್ಟಲ್ಲೂ ಟೆಸ್ಟ್ ಮಾಡೋರ ಮುಖ ನೋಡ್ಕೊಂಡು ಕೈ ಎತ್ತಿದ್ರೆ?"

"ಅಷ್ಟು ಜಾಣೇನಾ?"

"ಅಷ್ಟು ಜಾಣೆ. ಕಂಡುಹಿಡಿಯೋವರೆಗೂ ದಡ್ಡಿ ಅಂತ ಕೂರಿಸ್ತಾರೆ. ನಾನು ಕೂರಿಸಿದ್ನಲ್ಲ, ಹಿಂದಿನ ಕುರ್ಚೀಲಿ."

ಚಿದಾನಂದ್ ಟೇಪು ಹಚ್ಚುವುದನ್ನು ನಿಲ್ಲಿಸಿದರು. "ಕೋಕಿಲಂಗೆ ಮಾತು ಕೊಟ್ಟಿದ್ದೀಯ."

"ಹೌದು."

"ಮತ್ತೆ?"

ಗೊತ್ತಿಲ್ಲ ಎಂದೆ. ಈ ಸಲ ನಿಜವಾಗಿಯೂ ಗೊತ್ತಿರಲಿಲ್ಲ.

ಆಗಸ್ಟ್ ೫, ಮಂಗಳವಾರ

ಕೊನೆಯ ತರಗತಿ. ಅಮ್ಮಂದಿರು ತಿಂಡಿ ತಂದಿದ್ದರು, ಜಯಂತನೂ ಬಂದಿದ್ದ. ಪ್ರತಿ ಮಗುವೂ ಕಲಿತ ಕ್ರಿಯಾಪದಗಳಲ್ಲಿ ಎರಡನ್ನು ಆರಿಸಿಕೊಂಡು ವಾಕ್ಯ ಹೇಳಬೇಕು ಎಂದಿದ್ದೆ. ಸುಮುಖ್ ತರುವುದು, ಒಯ್ಯುವುದು ಎತ್ತಿಕೊಂಡ. ಅಕ್ಕತಂಗಿಯರು ನೋಡುವುದಕ್ಕೆ ಇರುವ ಎರಡು ಇಂಗ್ಲಿಷ್ ಪದ ಹುಡುಕಿ ಒಟ್ಟಿಗೆ ಹೇಳಿದರು.

ಅನಘಾ ಹಿಯರ್ ಮತ್ತು ಲಿಸನ್ ಆರಿಸಿಕೊಂಡಿದ್ದಳು. ಎದ್ದು ನಿಂತು, ಅವಳ ಎಂದಿನ ಗಟ್ಟಿ ದನಿಯಲ್ಲಿ ಹೇಳಿದಳು: "ಐ ಡೋಂಟ್ ಹಿಯರ್ ದ ಟ್ರೈನ್. ಇಶಾನ್ ಟೆಲ್ಸ್ ಮಿ. ದೆನ್ ಐ ಲುಕ್ ಅಟ್ ಹಿಮ್ ಅಂಡ್ ಐ ಲಿಸನ್."

ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಜಯಂತ, "ನೋಡಿ, ಎರಡೇ ತಿಂಗಳಲ್ಲಿ ಎಂಥ ಇಂಗ್ಲಿಷ್!" ಎಂದ. ಕೋಕಿಲಾ ಬಾಗಿಲ ಬಳಿ ಬಾಳೆಹಣ್ಣಿನ ತಟ್ಟೆ ಹಿಡಿದು ನಿಂತಿದ್ದಳು. ಇಂಗ್ಲಿಷ್ ಅವಳಿಗೆ ನಮ್ಮಷ್ಟೇ ಚೆನ್ನಾಗಿ ಬರುತ್ತದೆ. ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು, ನನ್ನ ಕಡೆ ನೋಡಲಿಲ್ಲ.

ಹೋಗುವಾಗ, "ಗುರುವಾರ ಮರೀಬ್ಯಾಡ್ರಿ" ಎಂದಳು, ಮೆಲ್ಲಗೆ, ಬೇರೆ ಕಡೆ ಮುಖ ಮಾಡಿ.

ಆಗಸ್ಟ್ ೬, ಬುಧವಾರ

ಶನಿವಾರ ಟ್ರಕ್ ಬರುತ್ತದೆ. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದೆ. ಹಂಗೇರಿಯ ಕಾದಂಬರಿ ಸೋಫಾದ ಸಂದಿನಲ್ಲಿ ಸಿಕ್ಕಿತು. ಗುರುತಿಗಿಟ್ಟ ಚೀಟಿ ಅರ್ಧದಲ್ಲೇ ಇದೆ. ಎಂದು ಕೈಬಿಟ್ಟೆನೋ ನೆನಪಾಗಲಿಲ್ಲ. ಅದನ್ನೂ ಪೆಟ್ಟಿಗೆಗೆ ಹಾಕಿದೆ. ಅನಘಾ ಬರೆದ ದೋಣಿಯ ಚಿತ್ರವನ್ನು ಮಾತ್ರ ಹೊರಗೆ ಇಟ್ಟುಕೊಂಡಿದ್ದೇನೆ, ಮಡಿಕೆ ಬೀಳಬಾರದೆಂದು.

ಮಧ್ಯಾಹ್ನ ಪೂರ್ತಿ ಯೋಚಿಸಿದೆ. ನಾಳೆ ಶಾಲೆಯಲ್ಲಿ ಕೋಕಿಲಾ ಹೇಳಿದ ಮಾತನ್ನು ನಾನು ಹೇಳುವುದಿಲ್ಲ. ಹಾಗೆಂದು ಅವಳಿಗೆ ತಿಳಿಸದೆ ಅಲ್ಲಿ ಹೋಗಿ ಬೇರೆ ಮಾತು ಹೇಳುವುದೂ ಇಲ್ಲ. ಯಾರಿಗೂ ಹೇಳುವುದಿಲ್ಲವೆಂದು ಮೊದಲು ಮಾತು ಕೊಟ್ಟದ್ದು ಅವಳ ಅಡುಗೆಮನೆಯಲ್ಲಿ. ಹಿಂದಕ್ಕೆ ಪಡೆಯಬೇಕಾದದ್ದೂ ಅಲ್ಲಿಯೇ.

ಅಪಾಯಿಂಟ್‌ಮೆಂಟ್ ಹತ್ತೂವರೆಗೆ. ನಾನು ಒಂಬತ್ತಕ್ಕೇ ಹೋಗುತ್ತೇನೆ. ಅಕ್ಕಿ ಡಬ್ಬಿಯ ವಿಷಯ ಎತ್ತುತ್ತೇನೆ, ಅನಘಾ ಇರುವಾಗಲೇ. ಕೋಕಿಲಾ ಗೋಡೆಯ ಕಡೆ ತಿರುಗಿಕೊಂಡರೆ ತಿರುಗಿಕೊಳ್ಳಲಿ. ಈ ಮಾತು ಇದುವರೆಗೆ ಅನಘಾಳ ಬೆನ್ನ ಹಿಂದೆಯೇ ನಡೆದಿದೆ, ನಾನೂ ನಡೆಸಿದ್ದೇನೆ. ಅವಳು ಅಂದು ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ: ಹೌದು, ಟೀಚರ್ ದೂರ ನಿಂತಿರುತ್ತಾರೆ. ಆಮೇಲೆ ಅವಳನ್ನೇ ಕೇಳುತ್ತೇನೆ, ಹಾಕಿಕೊಂಡು ಹೋಗೋಣವೇ ಎಂದು. ಅಲ್ಲಿ ಯಾರಾದರೂ ಮಷೀನ್ ಎಂದು ಕರೆದರೆ ಏನು ಮಾಡಬೇಕೆಂದು ನನಗೆ ತಿಳಿಯದು. ಅದನ್ನೂ ಅವಳಿಗೆ ಹೇಳುತ್ತೇನೆ.

ಕೋಕಿಲಾ ನನ್ನನ್ನು ಮನೆಯಿಂದ ಹೊರಗೆ ಕಳಿಸಬಹುದು. ಕಳಿಸಿದರೆ ಕಾರಿನಲ್ಲಿ ಕೂತು ಕಾಯುತ್ತೇನೆ.

ಅವರ ಅಡುಗೆಮನೆಯ ಕಿಟಕಿ ಪೂರ್ವಕ್ಕಿದೆ. ಒಂಬತ್ತು ಗಂಟೆಗೆ ಬಿಸಿಲು ನೇರ ಒಳಗೆ ಬರುತ್ತದೆ. ಕಳೆದ ಸಲ ಕೂತ ಕುರ್ಚಿಯಲ್ಲಿ ಕೂತರೆ ನನ್ನ ಮುಖಕ್ಕೆ ನೆರಳು ಬೀಳುತ್ತದೆ. ಮೇಜಿನ ಆಚೆ ಬದಿಗೆ ಹೋಗಿ, ಕಿಟಕಿಗೆ ಎದುರಾಗಿ ಕೂರಬೇಕು.